ಮಾರ್ಫಿನ್ ಭಯ ಮತ್ತು ಅರ್ಧ ಶತಮಾನದ ಹಿಂದಿನ ಒಂದು ಪ್ರಯೋಗ

ಮಾನ್ಯ ಸಂಪಾದಕರಿಗೆ,

ನೋವು ನಿವಾರಕ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುತ್ತಿದ್ದವರು ಸಿಕ್ಕಿಬಿದ್ದ ಸುದ್ದಿಗಳು ತಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಿವೆ. ಬರಬೇಕಾದದ್ದೇ. ಆದರೆ ಅವುಗಳ ಪಕ್ಕದಲ್ಲಿ ಅಚ್ಚಾಗುವ ವಿವರಣೆಗಳಲ್ಲಿ ಗಾಂಜಾ, ಹೆರಾಯಿನ್, ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆ, ಮಾರ್ಫಿನ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದರಿಂದ ಆಗುವ ಹಾನಿಯನ್ನು, ವೈದ್ಯಕೀಯ ಕಾಲೇಜೊಂದರಲ್ಲಿ ಔಷಧಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಗಮನಕ್ಕೆ ತರಲು ಬಯಸುತ್ತೇನೆ. ಕ್ಯಾನ್ಸರ್ ಮೂಳೆಗೆ ಹಬ್ಬಿ ಮಗ್ಗುಲು ಬದಲಿಸಲೂ ಆಗದ ರೋಗಿಗೆ ವೈದ್ಯರು ಮಾರ್ಫಿನ್ ಮಾತ್ರೆ ಬರೆದುಕೊಟ್ಟರೆ, ಮನೆಯವರು ಅದನ್ನು ಬೀರುವಿನಲ್ಲಿಟ್ಟು, ‘ತೀರಾ ತಡೆಯೋಕಾಗದಾಗ ಮಾತ್ರ ಕೊಡೋಣ, ಇಲ್ಲಾಂದ್ರೆ ಅಪ್ಪನಿಗೆ ಚಟ ಹತ್ತುತ್ತೆ’ ಎಂದು ತೀರ್ಮಾನಿಸುವುದನ್ನು ನಾನು ಕಂಡಿದ್ದೇನೆ. ಈ ಭಯಕ್ಕೆ ಉತ್ತರ ಹೇಳಬಲ್ಲ ವಿಜ್ಞಾನ 1973ರಿಂದಲೂ ನಮ್ಮ ಕೈಯಲ್ಲಿದೆ.

ಆ ವರ್ಷದ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಬಂಧ ಪ್ರಕಟವಾಯಿತು. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾಲೊಮನ್ ಸ್ನೈಡರ್ ಅವರ ಪ್ರಯೋಗಾಲಯದಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ ಕ್ಯಾಂಡೇಸ್ ಪರ್ಟ್ ಅದರ ಮೊದಲ ಲೇಖಕಿ. ಅಫೀಮಿನಿಂದ ಬರುವ ಮಾರ್ಫಿನ್ ನರಕೋಶಗಳ ಮೇಲೆ ಔಷಧಿಯನ್ನು ಹಿಡಿದುಕೊಳ್ಳುವ ನಿರ್ದಿಷ್ಟ ತಾಣಗಳಾದ ರಿಸೆಪ್ಟರ್‌ಗಳಿಗೆ, ಬೀಗಕ್ಕೆ ಕೀಲಿ ಕೂರುವಂತೆ, ಅಂಟಿಕೊಂಡು ಕೆಲಸ ಮಾಡುತ್ತಿರಬೇಕೆಂಬ ಊಹೆ ಅದಕ್ಕೂ ಮೊದಲೇ ಇತ್ತು, ತೋರಿಸಿಕೊಟ್ಟವರು ಇರಲಿಲ್ಲ. ಪರ್ಟ್ ಮೊದಲು ಮಾರ್ಫಿನ್ ಜಾತಿಯ ಔಷಧಿಗೇ ವಿಕಿರಣಶೀಲ ಗುರುತು ಹಾಕಿ ಹುಡುಕಿದರು, ಫಲ ಸಿಗಲಿಲ್ಲ. ಆಮೇಲೆ ಮಾರ್ಫಿನ್ನಿನ ವಿರೋಧಿಯಾದ ನಾಲೊಕ್ಸೋನ್‌ಗೆ ಗುರುತು ಹಾಕಿಸಿ, ಅರೆದ ಇಲಿಯ ಮಿದುಳಿನೊಂದಿಗೆ ಬೆರೆಸಿ, ಗಾಜಿನ ನಾರಿನ ಶೋಧಕದ ಮೇಲೆ ಸುರಿದು, ಸಡಿಲವಾಗಿ ಅಂಟಿದ್ದೆಲ್ಲ ಹರಿದುಹೋಗುವಂತೆ ತಣ್ಣನೆಯ ದ್ರಾವಣದಿಂದ ಬೇಗಬೇಗನೆ ತೊಳೆದು, ಶೋಧಕದಲ್ಲಿ ಉಳಿದ ವಿಕಿರಣವನ್ನು ಎಣಿಸಿದರು.

ಅಂಟಿಕೊಂಡಿತು ಎಂದ ಮಾತ್ರಕ್ಕೆ ಅದು ರಿಸೆಪ್ಟರ್ ಎಂದು ಒಪ್ಪುವಂತಿಲ್ಲ. ಔಷಧಿಗಳು ಗಾಜಿಗೂ ಅಂಟುತ್ತವೆ. ಈ ಪ್ರಯೋಗದ ನಿಜವಾದ ಜಾಣ್ಮೆ ಮುಂದಿನ ಹೆಜ್ಜೆಯಲ್ಲಿದೆ. ಲೆವಾರ್ಫನಾಲ್ ಮತ್ತು ಡೆಕ್ಸ್‌ಟ್ರಾರ್ಫಾನ್ ಎಂಬ ಎರಡು ವಸ್ತುಗಳು ರಚನೆಯಲ್ಲಿ ಒಂದು ಇನ್ನೊಂದರ ಕನ್ನಡಿ ಬಿಂಬ. ಇವುಗಳಲ್ಲಿ ಅಫೀಮಿನಂತೆ ನೋವು ಕಳೆಯುವುದು ಮೊದಲನೆಯದು ಮಾತ್ರ. ಮಿಶ್ರಣಕ್ಕೆ ಲೆವಾರ್ಫನಾಲ್ ಸೇರಿಸಿದಾಗ ನಾಲೊಕ್ಸೋನ್ ಜಾಗ ಕಳೆದುಕೊಂಡು ಎಣಿಕೆ ಇಳಿಯಿತು. ಅಷ್ಟೇ ಪ್ರಮಾಣದ ಡೆಕ್ಸ್‌ಟ್ರಾರ್ಫಾನ್ ಸೇರಿಸಿದಾಗ ಎಣಿಕೆ ಅಲುಗಲಿಲ್ಲ. ರೋಗಿಯ ದೇಹ ಗುರುತಿಸುವ ವ್ಯತ್ಯಾಸವನ್ನೇ ಪರೀಕ್ಷಾ ನಳಿಕೆಯಲ್ಲಿದ್ದ ಮಿದುಳಿನ ಚೂರೂ ಗುರುತಿಸಿತು. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಎರಿಕ್ ಸೈಮನ್ ಮತ್ತು ಸ್ವೀಡನ್ನಿನ ಉಪ್ಸಾಲಾದಲ್ಲಿ ಲಾರ್ಸ್ ಟೆರೆನಿಯಸ್ ಕೂಡ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದರು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಆಗಲೇ 70 ದಾಟಿದ್ದ ಹ್ಯಾನ್ಸ್ ಕೋಸ್ಟರ್‌ಲಿಟ್ಜ್, ಹಂದಿಯ ಮಿದುಳಿನಿಂದ ದೇಹದ್ದೇ ಆದ ನೋವು ನಿವಾರಕ ಎನ್‌ಕೆಫಲಿನ್ ಅನ್ನು ಬೇರ್ಪಡಿಸಿ ಅದರ ರಚನೆಯನ್ನು ತೋರಿಸಿದರು. ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ 1978ರಲ್ಲಿ ಹ್ಯೂಸ್, ಕೋಸ್ಟರ್‌ಲಿಟ್ಜ್, ಸ್ನೈಡರ್ ಮೂವರಿಗೆ ಸಂದಿತು. ಪರ್ಟ್ ಅವರ ಹೆಸರನ್ನು ಕೈಬಿಡಲಾಗಿತ್ತು. ಅವರು ಬಹಿರಂಗವಾಗಿಯೇ ಪ್ರತಿಭಟಿಸಿದರು. (ಭಾವನೆಗಳ ರಸಾಯನದ ಬಗ್ಗೆ ಅವರು ಮುಂದೆ ಹೇಳಿದ ಹಲವು ಮಾತುಗಳನ್ನು ನಾನು ಒಪ್ಪುವುದಿಲ್ಲ, ಆದರೆ ಈ ಪ್ರಯೋಗದ ಮಟ್ಟಿಗೆ ಅವರಿಗಾದದ್ದು ಅನ್ಯಾಯವೇ.)

ಈ ರಿಸೆಪ್ಟರ್‌ಗಳು ಎಲ್ಲೆಲ್ಲಿವೆ ಎಂಬುದು ರೋಗಿಯ ಮನೆಯವರಿಗೂ ತಿಳಿದಿರಬೇಕಾದ ಸಂಗತಿ. ಬೆನ್ನುಹುರಿಯ ಹಿಂಭಾಗದಲ್ಲಿ, ದೇಹದಿಂದ ಬರುವ ನೋವಿನ ಸಂದೇಶ ಒಂದು ನರದಿಂದ ಇನ್ನೊಂದಕ್ಕೆ ದಾಟುವ ಕಡೆ ಇವು ದಟ್ಟವಾಗಿವೆ. ಮಾರ್ಫಿನ್ ಅಲ್ಲಿ ಮೊದಲ ನರದ ತುದಿಗೆ ಕ್ಯಾಲ್ಸಿಯಂ ಒಳಹರಿಯುವುದನ್ನು ತಡೆದು ಸಂದೇಶವಾಹಕ ರಾಸಾಯನಿಕದ ಬಿಡುಗಡೆಯನ್ನು ತಗ್ಗಿಸುತ್ತದೆ; ಎರಡನೆಯ ನರದಿಂದ ಪೊಟ್ಯಾಸಿಯಂ ಹೊರಹರಿಯುವಂತೆ ಮಾಡಿ ಅದು ಸುಲಭವಾಗಿ ಕೆರಳದಂತೆ ನೋಡಿಕೊಳ್ಳುತ್ತದೆ. ಮಿದುಳಿನ ನಡುಭಾಗದಲ್ಲೂ ಇವು ಇವೆ. ಅಲ್ಲಿಂದ ನೋವನ್ನು ತಗ್ಗಿಸುವ ಆಜ್ಞೆ ಬೆನ್ನುಹುರಿಗೆ ಇಳಿದು ಬರುತ್ತದೆ. ಉಸಿರಾಟವನ್ನು ನಿಯಂತ್ರಿಸುವ ಮಿದುಳಿನ ಕಾಂಡದಲ್ಲೂ ಇರುವುದರಿಂದಲೇ ಮಿತಿಮೀರಿದ ಪ್ರಮಾಣ ಜೀವ ತೆಗೆಯಬಲ್ಲದು. ಹಾಗಾದವರಿಗೆ ಕೊಡುವ ಪ್ರತ್ಯೌಷಧ, ಪರ್ಟ್ ಗುರುತು ಹಾಕಿಸಿದ ಅದೇ ನಾಲೊಕ್ಸೋನ್.

ಕರುಳಿನಲ್ಲೂ ಇವೆ. 1973ರ ಪ್ರಬಂಧದಲ್ಲೇ ಗಿನಿಪಿಗ್‌ನ ಕರುಳಿನ ಪ್ರಸ್ತಾಪವಿದೆ. ಮಾರ್ಫಿನ್ ತೆಗೆದುಕೊಳ್ಳುವವರಿಗೆ ವಾಂತಿ, ಮಂಪರು ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಹಾಗೆ ಕಡಿಮೆಯಾಗುವುದಿಲ್ಲ. ಮಾರ್ಫಿನ್ ಬರೆಯುವ ಚೀಟಿಯಲ್ಲೇ ಮಲ ಸಡಿಲಿಸುವ ಔಷಧಿಯನ್ನೂ ಬರೆಯಬೇಕೆಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಬರೆಯದಿದ್ದರೆ, ನಾಲ್ಕೈದು ದಿನ ಹೊಟ್ಟೆ ಕಟ್ಟಿಕೊಂಡ ರೋಗಿ ‘ಈ ಮಾತ್ರೆ ನನಗಾಗುವುದಿಲ್ಲ’ ಎಂದು ತಾನೇ ನಿಲ್ಲಿಸುತ್ತಾನೆ, ಮತ್ತೆ ನೋವಿಗೆ ಮರಳುತ್ತಾನೆ. ವ್ಯಸನದ ಭಯದಿಂದ ಮಾತ್ರೆ ಬಿಟ್ಟವರನ್ನು ನಾವು ಲೆಕ್ಕಕ್ಕೆ ಹಿಡಿಯುತ್ತೇವೆ. ಈ ಸಣ್ಣ ಅಲಕ್ಷ್ಯದಿಂದ ಬಿಟ್ಟವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಚಟದ ಪ್ರಶ್ನೆ. ಮಾರ್ಫಿನ್ ಹೆಚ್ಚು ದಿನ ತೆಗೆದುಕೊಂಡಾಗ ರಿಸೆಪ್ಟರ್‌ಗಳ ಸ್ಪಂದನೆ ತಗ್ಗಿ ಪ್ರಮಾಣ ಏರಿಸಬೇಕಾಗಿ ಬರಬಹುದು. ಹಠಾತ್ತನೆ ನಿಲ್ಲಿಸಿದರೆ ಬೆವರು, ನಡುಕ, ಭೇದಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ನಿಧಾನವಾಗಿ ಇಳಿಸಿ ನಿಲ್ಲಿಸಬೇಕು. ಇವೆರಡೂ ದೇಹ ಔಷಧಿಗೆ ಹೊಂದಿಕೊಂಡದ್ದರ ಲಕ್ಷಣಗಳು. ಕೆಲವು ರಕ್ತದೊತ್ತಡದ ಮಾತ್ರೆಗಳನ್ನೂ ಹೀಗೆ ಒಮ್ಮೆಲೇ ನಿಲ್ಲಿಸುವಂತಿಲ್ಲ. ವ್ಯಸನವೆಂದರೆ ಹಾನಿ ಕಣ್ಣೆದುರಿಗಿದ್ದರೂ ವಸ್ತುವಿನ ಬೆನ್ನು ಬೀಳುವ ತಡೆಯಲಾಗದ ಸೆಳೆತ, ಮತ್ತು ಔಷಧಿ ಎಷ್ಟು ಬೇಗ ಮಿದುಳಿಗೆ ನುಗ್ಗುತ್ತದೆ ಎಂಬುದಕ್ಕೂ ಅದಕ್ಕೂ ಹತ್ತಿರದ ನಂಟಿದೆ. ಮಾತ್ರೆಯನ್ನು ಪುಡಿಮಾಡಿ ಚುಚ್ಚಿಕೊಳ್ಳುವವನ ಮಿದುಳಿಗೆ ಅದು ಕ್ಷಣಗಳಲ್ಲಿ ತಲುಪಿ ಸುಖದ ಅನುಭವಕ್ಕೆ ಸಂಬಂಧಿಸಿದ ಡೋಪಮಿನ್ ರಾಸಾಯನಿಕ ಉಕ್ಕುವಂತೆ ಮಾಡುತ್ತದೆ. ರೋಗಿ 4 ಗಂಟೆಗೊಮ್ಮೆ ನುಂಗುವ ಮಾತ್ರೆಯಾದರೋ ಕರುಳಿನಲ್ಲಿ ನಿಧಾನವಾಗಿ ಹೀರಲ್ಪಟ್ಟು, ಯಕೃತ್ತಿನಲ್ಲಿ ಬಹುಪಾಲು ಕಳೆದುಕೊಂಡು, ಉಳಿದಷ್ಟು ಮಾತ್ರ ರಕ್ತದಲ್ಲಿ ಸುಮಾರಾಗಿ ಒಂದೇ ಮಟ್ಟದಲ್ಲಿರುತ್ತದೆ. ರಿಸೆಪ್ಟರ್ ಒಂದೇ, ಬಳಸುವ ಕ್ರಮ ಬೇರೆ, ಪರಿಣಾಮವೂ ಬೇರೆ. ನೋವು ಬಂದಾಗ ಮಾತ್ರ ಕೊಡೋಣವೆಂದು ಬೀರುವಿನಲ್ಲಿಟ್ಟು, ರೋಗಿ ನರಳಿ ಕೇಳುವವರೆಗೆ ಕಾಯಿಸುವುದು ಈ ಸಮಮಟ್ಟವನ್ನೇ ಕೆಡಿಸುತ್ತದೆ.

ಅಪಾಯವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಅಮೆರಿಕದಲ್ಲಿ 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕೊಡೋನ್ ಎಂಬ, ಮಾರ್ಫಿನ್ ಜಾತಿಯ ಮಾತ್ರೆಯೊಂದನ್ನು ದೀರ್ಘಕಾಲದ ಸಾಮಾನ್ಯ ನೋವುಗಳಿಗೂ ಉದಾರವಾಗಿ ಬರೆದುಕೊಟ್ಟದ್ದರಿಂದ ಆದ ಅನಾಹುತ ಜಗತ್ತಿಗೇ ಗೊತ್ತಿದೆ. ವ್ಯಸನದ ಅಪಾಯವನ್ನು ಕಡಿಮೆ ಮಾಡಿ ಹೇಳಿ ಮಾರಿದ್ದನ್ನು ಅದರ ತಯಾರಕ ಸಂಸ್ಥೆ 2007ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡಿತು. ಸೊಂಟ ನೋವಿಗೆ, ಮಂಡಿ ನೋವಿಗೆ ತಿಂಗಳುಗಟ್ಟಲೆ ಇಂಥ ಮಾತ್ರೆ ಕೊಡಬಾರದು ಎಂಬುದು ಅಲ್ಲಿನ ಪಾಠ. ಅದನ್ನು ಸಾಯುವ ಹಂತದ ಕ್ಯಾನ್ಸರ್ ರೋಗಿಗೆ ಅನ್ವಯಿಸುವುದು ತಪ್ಪು. ನಮ್ಮ ದೇಶದ ತೊಂದರೆ ಅಮೆರಿಕದ್ದಕ್ಕೆ ತದ್ವಿರುದ್ಧ: ತೀವ್ರ ನೋವಿನಲ್ಲಿರುವವರಿಗೆ ಬೇಕಾದ ಇಂಥ ಔಷಧಿಯಲ್ಲಿ ಸುಮಾರು ಶೇ 4ರಷ್ಟು ಮಾತ್ರ ಭಾರತದಲ್ಲಿ ಲಭ್ಯವಿದೆ ಎಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗ 2017ರಲ್ಲಿ ಅಂದಾಜಿಸಿತ್ತು. ಔಷಧಿಗಾಗಿ ಅಫೀಮು ಬೆಳೆಯುವ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ರೈತರು ಪರವಾನಗಿ ಪಡೆದು ಬೆಳೆದದ್ದನ್ನು ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳು ಸಂಸ್ಕರಿಸುತ್ತವೆ. ನಾವು ಪಾಯಸಕ್ಕೆ ಹಾಕುವ ಗಸಗಸೆಯೂ ಅದೇ ಗಿಡದ ಬೀಜ.

ಹೊಸ ಔಷಧಿಗಳು ಬರುತ್ತಿವೆಯಲ್ಲ ಎಂದು ಕೆಲವರು ಕೇಳಬಹುದು. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸುಜೆಟ್ರಿಜಿನ್, ಮಿದುಳಿನ ಈ ರಿಸೆಪ್ಟರ್‌ಗಳ ಗೊಡವೆಗೇ ಹೋಗದೆ ದೇಹದ ನರಗಳ ಸೋಡಿಯಂ ದ್ವಾರವೊಂದನ್ನು ಮುಚ್ಚಿ ನೋವು ತಗ್ಗಿಸುತ್ತದೆ. ಸ್ವಾಗತಾರ್ಹವೇ. ಆದರೆ ಆ ಅನುಮತಿ ಶಸ್ತ್ರಚಿಕಿತ್ಸೆಯ ನಂತರದಂಥ ಅಲ್ಪಕಾಲದ ನೋವಿಗೆ; ಕ್ಯಾನ್ಸರ್ ನೋವಿಗೆ ಮಾರ್ಫಿನ್ನಿನ ಸ್ಥಾನವನ್ನು ಅದು ತುಂಬಿಲ್ಲ.

ಕಾನೂನಿನ ತೊಡಕೂ ಈಗ ಮೊದಲಿನಷ್ಟಿಲ್ಲ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ, ಹಲವು ಪರವಾನಗಿಗಳ ಗೋಜಲಿಗೂ ಶಿಕ್ಷೆಯ ಅಂಜಿಕೆಗೂ ಬೇಸತ್ತು ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಮತ್ತು ಮರುವರ್ಷದ ನಿಯಮಗಳ ಪ್ರಕಾರ, ತರಬೇತಿ ಪಡೆದ ವೈದ್ಯರಿರುವ ಆಸ್ಪತ್ರೆ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದುಕೊಂಡರೆ ಸಾಕು, ಮಾರ್ಫಿನ್ ಸೇರಿದಂತೆ 6 ಅಗತ್ಯ ಔಷಧಿಗಳನ್ನು ಇಟ್ಟುಕೊಳ್ಳಬಹುದು. ದಾಸ್ತಾನಿನ ಲೆಕ್ಕ ಒಪ್ಪಿಸಬೇಕು, ಅಷ್ಟೇ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಕೊನೆಯ ಹಂತದ ರೋಗಿಗಳನ್ನು ಆರೈಕೆ ಮಾಡುವ ಕರುಣಾಶ್ರಯದಂಥ ತಾಣಗಳಿವೆ. ಬೀದರಿನ ಅಥವಾ ಚಾಮರಾಜನಗರದ ಹಳ್ಳಿಯಿಂದ, ಕೂರಲೂ ಆಗದ ರೋಗಿಯನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆತರುವುದು ಮನೆಯವರಿಗೆ ಆಗದ ಕೆಲಸ, ರೋಗಿಗೆ ಹಿಂಸೆ.

ಆದ್ದರಿಂದ ತಮ್ಮಲ್ಲಿ ಒಂದು ಕೋರಿಕೆ. ಮಾತ್ರೆಗಳ ಅಕ್ರಮ ಮಾರಾಟದ ಸುದ್ದಿ ಕಳುಹಿಸುವ ಜಿಲ್ಲಾ ವರದಿಗಾರರೇ ತಮ್ಮ ಊರಿನ ಜಿಲ್ಲಾಸ್ಪತ್ರೆಗೆ ಮಾನ್ಯತೆ ಇದೆಯೇ, ಇಂದು ಅದರ ಔಷಧಾಲಯದಲ್ಲಿ ನುಂಗುವ ಮಾರ್ಫಿನ್ ಮಾತ್ರೆ ಎಷ್ಟಿದೆ, ಬರೆದುಕೊಡುವ ವೈದ್ಯರು ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಲಿ. ಸಿಕ್ಕ ಉತ್ತರಗಳನ್ನು ಜಿಲ್ಲೆವಾರು ಪಟ್ಟಿಯಾಗಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಇಲ್ಲವೆಂಬ ಉತ್ತರ ಬಂದರೆ ಅದನ್ನೂ ಹಾಗೆಯೇ ಅಚ್ಚು ಹಾಕಬೇಕು.

ತಮ್ಮ ವಿಶ್ವಾಸಿ,
ಔಷಧಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ, ಧಾರವಾಡ