ಹೊಸ ಸ್ವಿಚ್ ಬೇಡ ಸರ್, ಒಂದು ಫ್ಯಾನ್ ಹಾಕಿಸಿ

ಗದಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ ಸರ್. ನಾನು ಬೆಟಗೇರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಹೋದ ತಿಂಗಳು ಪಹಣಿ ತೆಗೆಸಲು ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ, ಅಲ್ಲಿನ ಸಿಬ್ಬಂದಿ ಪಾಪದವರು. ನನ್ನ ಮುಂದೆ ಮುಂಡರಗಿ ಕಡೆಯ ಅಜ್ಜ ನಿಂತಿದ್ದರು. "ಸರ್ವರ್ ಇಲ್ರಿ ಅಜ್ಜಾರ, ನಾಳೆ ಬರ್ರಿ" ಎಂಬ ಉತ್ತರ ಬಂತು. ಅಜ್ಜನಿಗೆ ಅದು ಮೂರನೇ ನಾಳೆ.

ಸರ್ವರ್ ಇತ್ತು ಸರ್. ನನ್ನ ಮೊಬೈಲಿನಲ್ಲಿ ಅದೇ ವೆಬ್‌ಸೈಟ್ ತೆರೆಯುತ್ತಿತ್ತು. ಕೆಟ್ಟದ್ದು ಅದೇ ಕೋಣೆಯ ಮೂಲೆಯಲ್ಲಿದ್ದ ನೆಟ್‌ವರ್ಕ್ ಸ್ವಿಚ್, ಅಂದರೆ ಕಚೇರಿಯ ಕಂಪ್ಯೂಟರ್‌ಗಳನ್ನೆಲ್ಲ ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆ. ಅದರ ಮುಂದೆ ಟೇಬಲ್ ಫ್ಯಾನ್ ಇಟ್ಟಿದ್ದರು, ಅದನ್ನು ನೋಡಿಯೇ ರೋಗ ಗೊತ್ತಾಯಿತು. ಕೇಳಿಕೊಂಡು ಬಗ್ಗಿ ನೋಡಿದೆ. ಸ್ವಿಚ್‌ನ ಹಿಂಬದಿಯಲ್ಲಿ ಅದನ್ನು ತಣ್ಣಗಿಡುವ 4 ಸೆಂಟಿಮೀಟರ್ ಅಗಲದ ಫ್ಯಾನ್ ನಿಂತಿತ್ತು. ರೆಕ್ಕೆಗಳಿಗೆ ಎರೆಮಣ್ಣಿನ ಧೂಳು, ಹತ್ತಿಯ ಎಳೆ. ಕಾವು ಏರಿದರೆ ಸ್ವಿಚ್ ತಾನೇ ಬಂದ್ ಆಗುತ್ತದೆ. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಕೈಕೊಡುವುದು ಅದಕ್ಕೇ. ಕಪ್ಪತಗುಡ್ಡದ ಮೇಲೆ ಅಷ್ಟೆತ್ತರದ ಗಾಳಿಯಂತ್ರ ತಿರುಗುತ್ತವೆ, ಇಲ್ಲಿ ಇಷ್ಟೇ ಇಷ್ಟು ರೆಕ್ಕೆ ತಿರುಗುತ್ತಿಲ್ಲ.

"ಹೊಸ ಸ್ವಿಚ್‌ಗೆ ಬರೆದೀವ್ರಿ" ಅಂದರು. ಫ್ಯಾನ್‌ಗೆ ಬೇಕಾದ್ದು ಕೆಲವು ನೂರು ರೂಪಾಯಿ! ಹಾಗಂತ ಸುಮ್ನೆ ಯಾವುದೋ ಫ್ಯಾನ್ ತಂದು ತುರುಕಿದರೂ ಆಗುವುದಿಲ್ಲ. ಸಾಮಾನ್ಯವಾಗಿ ಅದು 12 ವೋಲ್ಟಿನದು, ಆದರೆ ದಪ್ಪ ಬೇರೆ ಬೇರೆ. ಹಲವು ಸ್ವಿಚ್‌ಗಳ ಫ್ಯಾನ್‌ಗೆ ಮೂರು ವೈರ್ ಇರುತ್ತವೆ. ಎರಡು ಕರೆಂಟಿಗೆ, ಮೂರನೆಯದು ತಾನು ತಿರುಗುತ್ತಿದ್ದೇನೆ ಎಂದು ಸ್ವಿಚ್‌ಗೆ ತಿಳಿಸುವುದಕ್ಕೆ. ಅಲ್ಲಿ ಎರಡು ವೈರಿನದು ಹಾಕಿದರೆ, ಗಾಳಿ ಬೀಸುತ್ತಿದ್ದರೂ ಫ್ಯಾನ್ ಸತ್ತಿದೆ ಅಂತ ಎಚ್ಚರಿಕೆಯ ದೀಪ ಹತ್ತಬಹುದು. ಪಿನ್‌ಗಳ ಸಾಲೂ ಕಂಪನಿಗೊಂದು ಥರ, ನೋಡದೆ ಚುಚ್ಚಿದರೆ ಸುಟ್ಟೀತು. ಉಲ್ಟಾ ಕೂರಿಸಿದರೆ ಬಿಸಿಗಾಳಿ ಒಳಗೇ ಸುತ್ತುತ್ತದೆ. ನಮ್ಮ ಬಿಸಿಲಿಗೆ ಬಾಲ್ ಬೇರಿಂಗ್‌ನದೇ (ಅಚ್ಚು ಸಣ್ಣ ಗುಂಡುಗಳ ಮೇಲೆ ತಿರುಗುವಂಥದ್ದು) ಒಳ್ಳೆಯದು. ಸ್ಲೀವ್ ಬೇರಿಂಗ್ (ಅಚ್ಚು ಎಣ್ಣೆ ಸವರಿದ ಕೊಳವೆಯಲ್ಲಿ ತಿರುಗುವಂಥದ್ದು) ಅಗ್ಗ, ಆದರೆ ಕಾವಿಗೆ ಅದರ ಎಣ್ಣೆ ಬೇಗ ಒಣಗುತ್ತದೆ. ಇಷ್ಟು ಗೊತ್ತಿದ್ದವನಿಗೆ ಅರ್ಧ ಗಂಟೆಯ ಕೆಲಸ.

ವಾರಂಟಿ ಮುಗಿದ ಸ್ವಿಚ್‌ಗೆ ಫ್ಯಾನ್ ಹಾಕಿಸುವ ಅಧಿಕಾರ ಆಯಾ ಕಚೇರಿಯ ಮುಖ್ಯಸ್ಥರಿಗೇ ಇರಲಿ ಸರ್. ಪ್ರತಿ ವರ್ಷ ಬಿಸಿಲೇರುವ ಮೊದಲು ಒಮ್ಮೆ ಬ್ಲೋವರ್ ಹೊಡೆಸಿ ಧೂಳು ತೆಗೆಸಿ. ಎರಡು ಫ್ಯಾನ್ ಮೊದಲೇ ತಂದಿಡಲಿ. ನನಗೆ ಕೆಲಸ ಸಿಗಲಿ ಅಂತ ಬರೆದದ್ದಲ್ಲ (ಸಿಕ್ಕರೆ ಬೇಡ ಅನ್ನುವುದಿಲ್ಲ).

ಮೊನ್ನೆ ಮತ್ತೆ ಹೋಗಿದ್ದೆ. ಟೇಬಲ್ ಫ್ಯಾನ್ ಇನ್ನೂ ಸ್ವಿಚ್ ಕಡೆಗೇ ತಿರುಗಿತ್ತು. ಸಿಬ್ಬಂದಿ ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

ಇಂತಿ,
ಬೆಟಗೇರಿಯ ಒಬ್ಬ ರಿಪೇರಿಯವನು