ಅಪ್ಪನ ಮಾತ್ರೆ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಅಪ್ಪನ ಬ್ರುಸೆಲ್ಲೋಸಿಸ್ (ಕುರಿ, ಮೇಕೆ, ದನಗಳಿಂದ ಮನುಷ್ಯರಿಗೆ ಹತ್ತುವ ಬ್ಯಾಕ್ಟೀರಿಯಾ ರೋಗ) ಚಿಕಿತ್ಸೆ ಈ ವಾರ ಮುಗಿಯಿತು. ಜ್ವರ ಇಲ್ಲ, ಊಟ ಸೇರುತ್ತಿದೆ, ಕೋಲಿಲ್ಲದೆ ನಡೆಯುತ್ತಾರೆ. ಫೋನ್ ಮಾಡಿ ವಿಚಾರಿಸಿದವರು, ಸುಮ್ನೆ ಬಂದು ಜಗಲಿ ಮೇಲೆ ಕೂತು ಹೋದವರು, ಎಲ್ಲರಿಗೂ ಥ್ಯಾಂಕ್ಸ್. ಕೆಲವರ ಉಪಕಾರವನ್ನು ಮಾತ್ರ ಬಿಡಿಸಿ ಹೇಳಬೇಕು.

ಮೊದಲು ಆ ಫಿಜಿಷಿಯನ್ ಮೇಡಂಗೆ. ಅಪ್ಪನಿಗೆ ಜ್ವರ ಬರುತ್ತಿದ್ದದ್ದು ಸಂಜೆ ಹೊತ್ತು. ರಾತ್ರಿಯೆಲ್ಲ ಬೆವರಿ ಹಾಸಿಗೆ ಒದ್ದೆ. ಬೆಳಿಗ್ಗೆ ಏನೂ ಆಗಿಲ್ಲ ಅನ್ನೋ ಹಾಗೆ ಕುರಿ ಹೊಡೆದುಕೊಂಡು ಹೊರಡುತ್ತಿದ್ದರು. ಕೆಲವು ದಿನ ತಾನಾಗೇ ಬಿಟ್ಟು ಮತ್ತೆ ಬರುತ್ತಿತ್ತು. ಟೈಫಾಯ್ಡ್ ಅಂತ ಒಂದು ಕೋರ್ಸ್ ಆಯಿತು. ಆಮೇಲೆ ಸೊಂಟ ಹಿಡಿಯಿತು, ಮೈ ಇಳಿಯಿತು, ಎಂಆರ್‌ಐ ಮಾಡಿಸಿದರೆ ಬೆನ್ನುಮೂಳೆಯಲ್ಲಿ ಸೋಂಕು. ಎಲ್ಲರ ಬಾಯಲ್ಲೂ ಟಿಬಿ. ಮೇಡಂ ಮಾತ್ರ ಫಿಲ್ಮ್ ಪಕ್ಕಕ್ಕಿಟ್ಟು, "ಯಜಮಾನ್ರೇ, ಮನೇಲಿ ಕುರಿ ಮೇಕೆ ಇದಾವಾ? ಈಚೆಗೆ ಯಾವುದಾದ್ರೂ ಕಂದು ಹಾಕಿತ್ತಾ?" ಅಂತ ಕೇಳಿದರು.

ಹಾಕಿತ್ತು. ಅಪ್ಪನೇ ಬರಿಗೈಯಲ್ಲಿ ಸತ್ತ ಮರಿ ಎಳೆದು ಮಾಸು ತೆಗೆದಿದ್ದರು. ಕುರಿ ಕಾಯೋರ ಮನೆಯಲ್ಲಿ ಇದು ಡಾಕ್ಟರಿಗೆ ಹೇಳುವ ಸಂಗತಿ ಅಂತ ಯಾರಿಗೂ ಅನಿಸುವುದಿಲ್ಲ. ಯಾರಾದರೂ ಕೇಳಬೇಕು, ಅಷ್ಟೇ. ಅವರು ಕೇಳಿದರು.

ಲ್ಯಾಬಿನವರಿಗೂ ನಮಸ್ಕಾರ. ರಕ್ತ ಕಳಿಸುವಾಗಲೇ ಮೇಡಂ ಚೀಟಿಯ ಮೇಲೆ 'ಬ್ರುಸೆಲ್ಲಾ ಅನುಮಾನ' ಅಂತ ಬರೆದಿದ್ದರು. ಈ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುತ್ತದೆ, ಹಾಗಾಗಿ ರಕ್ತದ ಬಾಟಲಿಯನ್ನು ಬೇಗ ಎಸೆಯಬಾರದಂತೆ. ಕಲ್ಚರ್ ಮಾಡುವವರ, ಅಂದರೆ ಲ್ಯಾಬಿನಲ್ಲಿ ಅದನ್ನು ಬೆಳೆಸಿ ನೋಡುವವರ ಉಸಿರಿನೊಳಗೆ ಹೋಗಿ ಅವರಿಗೇ ರೋಗ ಹತ್ತಿದ್ದೂ ಉಂಟಂತೆ. ನಮಗಾಗಿ ಅಂಥ ಅಪಾಯದ ಕೆಲಸ ಮಾಡಿದವರ ಮುಖವನ್ನೂ ನಾವು ನೋಡಿಲ್ಲ.

ಆಸ್ಪತ್ರೆಯಲ್ಲಿ ಕೂತಾಗ ಫೋನಿನಲ್ಲಿ ಇದರ ಕಥೆ ಓದಿದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಸತ್ತ ಸೈನಿಕರ ಗುಲ್ಮದಲ್ಲಿ ಈ ಬ್ಯಾಕ್ಟೀರಿಯಾ ಕಂಡುಹಿಡಿದರು. ಅದು ಮೇಕೆಯಿಂದ ಬರುತ್ತದೆ ಅಂತ ಗೊತ್ತಾಗಿದ್ದು 1905ರಲ್ಲಿ, ಅಲ್ಲಿಯವರೇ ಆದ ಥೆಮಿಸ್ಟೊಕ್ಲಿಸ್ ಜಮ್ಮಿತ್ ಅವರಿಂದ. ಆ ಮೇಕೆಗಳೂ ನೋಡೋಕೆ ಚೆನ್ನಾಗೇ ಇದ್ದವಂತೆ. ಸೈನಿಕರಿಗೆ ಹಸಿ ಹಾಲು ಕೊಡೋದು ನಿಲ್ಲಿಸಿದ ಮೇಲೆ ಜ್ವರವೂ ಇಳಿಯಿತು. ಜಮ್ಮಿತ್ ಅವರಿಗೂ ಒಂದು ಥ್ಯಾಂಕ್ಸ್ ಇರಲಿ.

ಈಗ ಚಿಕಿತ್ಸೆಯ ವಿಷಯ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಜೊತೆಗೆ ರಿಫಾಂಪಿಸಿನ್, ಒಟ್ಟು 6 ವಾರ. ರಿಫಾಂಪಿಸಿನ್ ಬದಲು ಮೊದಲ 2-3 ವಾರ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಡುವುದೂ ಇದೆ. ಅಪ್ಪನಿಗೆ ಬೆನ್ನುಮೂಳೆಗೆ ಇಳಿದಿದ್ದರಿಂದ ಮೂರನ್ನೂ ಕೊಟ್ಟರು, ಮಾತ್ರೆಗಳನ್ನು 12 ವಾರಕ್ಕೆ ಎಳೆದರು. ಒಂದೇ ಔಷಧಿ ಕೊಟ್ಟರೆ ಮರುಕಳಿಸುವ ಸಾಧ್ಯತೆ ಜಾಸ್ತಿ. ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಅಡಗಿ ಕೂರುತ್ತದಲ್ಲ, ಅದಕ್ಕೆ.

ಇಂಜೆಕ್ಷನ್ ಕೊಟ್ಟ ನರ್ಸ್ ಅಕ್ಕ ಸೂಜಿ ಚುಚ್ಚುವ ಮೊದಲು ದಿನಾ ಕೇಳುತ್ತಿದ್ದರು, "ಕಿವಿ ಗುಂಯ್ ಅಂತದಾ? ತಲೆ ತಿರುಗ್ತದಾ?" ಸ್ಟ್ರೆಪ್ಟೊಮೈಸಿನ್ ಕಿವಿಗೆ ಪೆಟ್ಟು ಕೊಡಬಹುದು, ಅದಕ್ಕೇ ಈ ವಿಚಾರಣೆ. ಅಪ್ಪನಿಗೆ ರೇಗುತ್ತಿತ್ತು. ಅಕ್ಕ ಒಂದು ದಿನವೂ ಬಿಡಲಿಲ್ಲ.

ನಿಜವಾದ ಕಷ್ಟ ಶುರುವಾಗಿದ್ದು ಜ್ವರ ಬಿಟ್ಟ ಮೇಲೆ. ಹುಷಾರಾದೆ, ಇನ್ಯಾಕೆ ಮಾತ್ರೆ ಅಂತ ಹಠ. ಮೂತ್ರ ಕೆಂಪಗೆ ಹೋಗುತ್ತದೆ, ಅದು ರಿಫಾಂಪಿಸಿನ್ ಬಣ್ಣ. ಅದನ್ನು ಕೇಳಿದ ಕೆಲವರು, ಇದು ಟಿಬಿ ಮಾತ್ರೆ, ಮನೆಯವರು ಮುಚ್ಚಿಡ್ತಿದಾರೆ ಅಂತ ಮಾತಾಡಿಕೊಂಡರು. ಆಗ ನಮ್ಮ ಆಶಾ ಕಾರ್ಯಕರ್ತೆ ಮನೆಮನೆಗೂ ಹೋಗಿ, ಟಿಬಿಗೂ ಇದಕ್ಕೂ ಒಂದೇ ಮಾತ್ರೆ ನಡೆಯುತ್ತದೆ, ರೋಗ ಬೇರೆ, ಇದು ಕೂತು ಮಾತಾಡಿದರೆ ಅಂಟಲ್ಲ ಅಂತ ತಿಳಿಹೇಳಿದರು. ಅಪ್ಪನ ಮುಂದೆ ನಿಂತು ತುಂಬಿದ ಲೋಟ ನೀರಿನ ಜೊತೆ ಡಾಕ್ಸಿ ನುಂಗಿಸಿ, "ಅರ್ಧ ಗಂಟೆ ಮಲಗಂಗಿಲ್ಲ ಮಾವ" ಅಂತ ಕಾವಲು ಕೂತಿದ್ದೂ ಅವರೇ. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿ ಸುಡುತ್ತದೆ.

ಡಾಕ್ಸಿ ತಗೊಳ್ಳೋರಿಗೆ ಬಿಸಿಲು ಆಗಿಬರಲ್ಲ. ಕುರಿ ಕಾಯೋ ಮನುಷ್ಯನಿಗೆ ಬಿಸಿಲಿಗೆ ಹೋಗಬೇಡ ಅಂದರೆ ಏನು ಮಾಡೋದು? ಚಿಕ್ಕಪ್ಪನ ಮಗ ಬಾಯಿಬಿಟ್ಟು ಕೇಳುವ ಮೊದಲೇ ಹಿಂಡು ಹೊಡೆದುಕೊಂಡು ಹೊರಟ. ಅವನ ಋಣ ದೊಡ್ಡದು.

ಪಶುವೈದ್ಯರು ಬಂದು ಇಡೀ ಹಿಂಡಿನ ರಕ್ತ ತೆಗೆದರು, ಮನೆಯವರೆಲ್ಲರ ರಕ್ತವನ್ನೂ ಪರೀಕ್ಷೆ ಮಾಡಿಸಿ ಅಂದರು. ರೋಗ ಇರುವ ಮೇಕೆಗಳನ್ನು ಸಂತೆಗೆ ಹೊಡೆಯದಂತೆ ಅಪ್ಪನನ್ನು ಒಪ್ಪಿಸಿದ್ದು ಅವರ ದೊಡ್ಡ ಸಾಹಸ. 2019ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಹಾಕುತ್ತಾರೆ. ಕುರಿ ಮೇಕೆಗೆ ಆ ಯೋಜನೆಯಲ್ಲಿ ಈ ಲಸಿಕೆ ಇಲ್ಲ. ನಮ್ಮಂಥವರಿಗೆ ಇದು ಬೇಜಾರಿನ ವಿಷಯವೇ. ಮರಿ ಹಾಕಿಸುವಾಗ ಗ್ಲೌಸ್, ಸತ್ತ ಮರಿ ಮತ್ತು ಮಾಸು ಹೂಳಲು ಸುಣ್ಣದ ಗುಂಡಿ, ಇವೇ ಸದ್ಯಕ್ಕೆ ಗತಿ.

ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ ಅಂತ ಮೇಡಂ ಹೇಳಿದ್ದಾರೆ. ತಪಾಸಣೆಗೆ ಹೋಗುತ್ತಾ ಇರುತ್ತೇವೆ. ಮೇಕೆ ಹಾಲನ್ನು ಕಾಯಿಸದೆ ಕುಡಿದರೇ ರುಚಿ ಅಂತ ಅಪ್ಪ ಇನ್ನೂ ವಾದ ಮಾಡುತ್ತಾರೆ. ಅಮ್ಮ ಪಾತ್ರೆಯನ್ನು ಅವರ ಕೈಗೆ ಸಿಗದ ಹಾಗೆ ಇಟ್ಟಿದ್ದಾಳೆ. ಅವಳಿಗೂ ಥ್ಯಾಂಕ್ಸ್.