ಹತ್ತನೇ ಶಿಬಿರ ಮತ್ತು ಚೇಚಿಯ ತ್ರಿಕೋನ

ಮೊನ್ನೆ ಭಾನುವಾರ ಸಂಜೆ ನಮ್ಮ ಹತ್ತನೇ ಹೆಣಿಗೆ ಶಿಬಿರ ಮುಗಿಯಿತು. 11 ಜನ ಬಂದಿದ್ದರು. ಕೊನೆಯ ಆಟೋ ಗೇಟು ದಾಟಿ ಪೆರ್ಲ ರಸ್ತೆಗೆ ಇಳಿದ ಮೇಲೆ ಚಾವಡಿಯಲ್ಲಿ ಒಬ್ಬಳೇ ಕೂತಿದ್ದೆ. ನೆಲದಲ್ಲೆಲ್ಲ ಬಣ್ಣಬಣ್ಣದ ನೂಲಿನ ತುಂಡುಗಳು. ಗುಡಿಸಲು ಮನಸ್ಸೇ ಬರಲಿಲ್ಲ. ಒಂದು ಕಾಲದಲ್ಲಿ ಒಂದು ಶಿಬಿರ ಮಾಡುತ್ತೇನೋ ಇಲ್ಲವೋ ಅನ್ನುವ ಹಾಗಿತ್ತು, ಅಲ್ವಾ? ಈಗ ಹತ್ತು. ಇವತ್ತಾದರೂ ಥ್ಯಾಂಕ್ಸ್ ಹೇಳಿಬಿಡಬೇಕು ಅಂತ ಬರೆಯಲು ಕೂತೆ.

ಮೊದಲ ಶಿಬಿರದ ಹೊತ್ತಿಗೇ ನನ್ನ ಬಲಗೈ ಕೈಕೊಟ್ಟ ಕಥೆ ನಿಮಗೆಲ್ಲ ಗೊತ್ತು. ಆಪರೇಷನ್ನು, ಬ್ಯಾಂಡೇಜು, ಆಮೇಲಿನ ತಿಂಗಳುಗಳು, ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಆಗ ಅಡುಗೆಮನೆ ನೋಡಿಕೊಂಡ ಅಮ್ಮನಿಗೆ, ಲೆಕ್ಕ ಬರೆದ ತಂಗಿಗೆ, ಮಕ್ಕಳ ಜಡೆ ಹಾಕಲು ಕಲಿತ ನಮ್ಮವರಿಗೆ, ಹಾಸಿಗೆ ಚಾಪೆ ಕೊಟ್ಟ ನೆರೆಮನೆಯವರಿಗೆ, ಮಂಗಳೂರಿನಿಂದ ನೂಲು ತಂದುಕೊಡುವ ಗೆಳತಿಯರಿಗೆ ನಾನು ಋಣಿ. ಬಸ್ಸಿನ ಮಲಯಾಳ ಬೋರ್ಡು ಓದಲು ಬಾರದೆ ಕಾಸರಗೋಡು ಜಿಲ್ಲೆಯ ಕುಂಬಳೆ ಸ್ಟೇಷನ್ನಿನ ಹೊರಗೆ ನಿಲ್ಲುವ ನಮ್ಮ ಅತಿಥಿಗಳನ್ನು ಹುಡುಕಿ ಕರೆತರುವ ಆಟೋ ಅಣ್ಣನಿಗೂ.

ಮಾವನ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ಅವರಿಗೆ ನನ್ನ ಕೆಲಸ ಬಹಳ ವರ್ಷ "ಟೈಂಪಾಸ್" ಆಗಿತ್ತು. 2024ರಲ್ಲಿ ಆಂಧ್ರದ ನರಸಾಪುರದ ಕ್ರೋಶಾ ಲೇಸಿಗೆ, ಅಂದರೆ ಒಂದೇ ಕೊಕ್ಕೆ ಕಡ್ಡಿಯಲ್ಲಿ ಹೆಣೆಯುವ ಲೇಸಿಗೆ, ಜಿಐ ಮಾನ್ಯತೆ ಬಂತು. ಇದು ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು. ಆ ಸುದ್ದಿಯನ್ನು ಅವರೇ ಪೇಪರಿನಿಂದ ಕತ್ತರಿಸಿ ಕ್ಯಾಲೆಂಡರಿನ ಪಕ್ಕ ಅಂಟಿಸಿದರು. "ಇದು ನೀನು ಮಾಡುವುದೇ ಅಲ್ವಾ ಮಗಾ?" ಅಂದರು. ಹೌದು ಮಾವ, ಅದೇ ಕಡ್ಡಿ, ಅದೇ ಕುಣಿಕೆ, ಮನೆಯಲ್ಲಿ ಕೂತು ಹೆಂಗಸರು ಮಾಡುವ ಅದೇ ಕೆಲಸ. ಅವತ್ತಿನಿಂದ ಶಿಬಿರದ ದಿನ ಅಂಗಳದ ಪಾಚಿ ಉಜ್ಜುವುದು ಮಾವನೇ.

ಇನ್ನು ಚೇಚಿ. ಮಲಯಾಳದಲ್ಲಿ ಅಕ್ಕ ಅಂತ.

ಬದಿಯಡ್ಕ ಪೇಟೆಯಲ್ಲಿ ಅವರದ್ದೊಂದು ಹೊಲಿಗೆ ಅಂಗಡಿ. ಬ್ಲೌಸ್ ಹೊಲಿಸಲು ಬಂದವರ ಸೀರೆಗಳಿಗೆ ಕ್ರೋಶಾ ಕುಚ್ಚು ಹಾಕಿಕೊಡುವ ಕೆಲಸವನ್ನು ಅವರು ನನಗೆ ಕೊಡುತ್ತಿದ್ದರು. ನಾನು ಕಡ್ಡಿ ಹಿಡಿದು ದುಡಿದ ಮೊದಲ ದುಡ್ಡು ಅದೇ. ನಮ್ಮ ಸೆಕೆಯ ಊರಲ್ಲಿ ಉಲ್ಲನ್ ಸ್ವೆಟರ್ ಯಾರಿಗೆ ಬೇಕು ಹೇಳಿ? ಹಾಗಾಗಿ ಕುಚ್ಚು, ಆಮೇಲೆ ಹತ್ತಿ ನೂಲಿನ ಚೀಲ, ಮಗುವಿನ ಟೊಪ್ಪಿ, ಮೇಜಿನ ಹಾಸು. ಅಲ್ಲಿಂದ ಕಲಿಸುವ ಆಸೆ ಹುಟ್ಟಿತು. ಮೂರು ದಿನ ನಮ್ಮ ಹಳೆಯ ಹಂಚಿನ ಮನೆಯಲ್ಲೇ ಉಳಿದು, ಮಳೆ ನೋಡುತ್ತಾ, ಪತ್ರೊಡೆ ತಿನ್ನುತ್ತಾ ಹೆಣೆಯುವುದು. 7 ಜನ ಅಡ್ವಾನ್ಸ್ ಕಳಿಸಿದರು. ಅಷ್ಟರಲ್ಲಿ ಕೈ ಹೀಗಾಯಿತು.

ಅದು ತುಳುವರ ಆಟಿ ತಿಂಗಳು, ಜೋರು ಮಳೆಯ, ಮದುವೆ ಇಟ್ಟುಕೊಳ್ಳದ ಕಾಲ. ಶಿಬಿರಕ್ಕೆ 9 ದಿನ ಇತ್ತು. ನಮ್ಮವರು ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದರು. ಅತ್ತೆ ಮಾವ ನಾದಿನಿಯ ಮನೆಯಲ್ಲಿದ್ದರು. ಆಟಿ ಕಳೆದ ಕೂಡಲೇ ಇದ್ದ ಮದುವೆಯ ಮೂರು ಸೀರೆಗಳು ನನ್ನ ಹತ್ತಿರವೇ ಉಳಿದಿದ್ದವು. ಅವನ್ನು ವಾಪಸ್ ಕೊಂಡುಹೋಗಲು ಚೇಚಿ ಸಂಜೆ ಕೊಡೆ ಹಿಡಿದು ಬಂದರು. ಬಾಗಿಲು ತೆರೆದಿತ್ತು. ನಾನು ನೂಲಿನ ಉಂಡೆಗಳನ್ನೆಲ್ಲ ಒಂದು ಗೋಣಿಗೆ ತುಂಬುತ್ತಿದ್ದೆ. ಎಡಗೈಯಲ್ಲಿ.

ಅದಕ್ಕೆ ಸ್ವಲ್ಪ ಮೊದಲು ಕಡ್ಡಿ ಹಿಡಿದು ನೋಡಿದ್ದೆ. ಬೆರಳು ಮಡಚಲಿಲ್ಲ. ಕಡ್ಡಿ ನೆಲಕ್ಕೆ ಬಿತ್ತು. ಅಡ್ವಾನ್ಸಿನ ದುಡ್ಡು ಹಾಸಿಗೆಗೆ, ನೂಲಿಗೆ ಮುಗಿದಿತ್ತು. ಆರು ತಿಂಗಳು ಕುಚ್ಚು ಹಾಕಿಸಿಕೊಂಡ ಒಬ್ಬ ವ್ಯಾಪಾರಿ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ನನಗೆ ಬೇರೆ ಏನೂ ಬರುವುದಿಲ್ಲ. ಈ ಎರಡು ಕೈ ಬಿಟ್ಟರೆ ನಾನು ಯಾರೂ ಅಲ್ಲ ಅಂತ ಆ ರಾತ್ರಿ ಖಂಡಿತ ಅನಿಸಿತ್ತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಬರೆಯುವಾಗ ಈಗಲೂ ಗಂಟಲು ಕಟ್ಟುತ್ತಿದೆ.

ಚೇಚಿ ಸೀರೆಯ ಮಾತೇ ಎತ್ತಲಿಲ್ಲ. "ಕರಯಂಡ ಮೋಳೇ" ಅಂದರು. ಅಳಬೇಡ ಮಗಳೇ ಅಂತ. ಮಕ್ಕಳಿಗೆ ಗಂಜಿ ಉಣ್ಣಿಸಿ ಮಲಗಿಸಿದರು. ಮನೆಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಅಂದರು. ಆಮೇಲೆ ಗೋಣಿಗೆ ಕೈ ಹಾಕಿ ಒಂದು ಹಳದಿ ಉಂಡೆ ತೆಗೆದು ನನ್ನ ಎದುರು ಕೂತರು. "ನೀನು ಹೇಳು, ನಾನು ಮಾಡುತ್ತೇನೆ."

ಮೂವತ್ತು ವರ್ಷ ಮೆಷಿನ್ ತುಳಿದವರು. ಕ್ರೋಶಾ ಕಡ್ಡಿ ಮಾತ್ರ ಮುಟ್ಟಿರಲಿಲ್ಲ. ನಾನು "ಹೀಗೆ" ಅಂದೆ. ಆದರೆ ಹೀಗೆ ಅಂತ ತೋರಿಸಲು ಕೈ ಇಲ್ಲ. ಆಗ ಗೊತ್ತಾಯಿತು, ನನಗೆ ಕಲಿಸಲು ಬರುತ್ತಲೇ ಇರಲಿಲ್ಲ. ನೂಲು ಎಡಗೈಯ ಯಾವ ಬೆರಳ ಮೇಲೆ, ಯಾವುದರ ಕೆಳಗೆ? ಕೊಕ್ಕೆ ಯಾವ ಕಡೆ ನೋಡಬೇಕು? ಒಂದಕ್ಕೂ ನನ್ನ ಹತ್ತಿರ ಮಾತಿರಲಿಲ್ಲ. ಎಲ್ಲ ಬೆರಳಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಹೆಣಿಗೆಗಳ ಇಂಗ್ಲಿಷ್ ಹೆಸರು ಸಿಂಗಲ್, ಡಬಲ್ ಅಂತ ಹೇಳಿದರೆ ಚೇಚಿ, "ಇದರಲ್ಲಿ ಡಬಲ್ ಏನುಂಟು?" ಅಂದರು. ಸರಿಯೇ. ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ. ಅವರವರಲ್ಲೇ ಒಮ್ಮತ ಇಲ್ಲ. ಅವತ್ತು ನಾವಿಬ್ಬರೂ ಅದನ್ನು ಗಿಡ್ಡ ಹೆಣಿಗೆ, ಉದ್ದ ಹೆಣಿಗೆ ಅಂತ ಕರೆದೆವು. ಇವತ್ತಿಗೂ ನಮ್ಮ ಶಿಬಿರದಲ್ಲಿ ಅದೇ ಹೆಸರು. ನೂಲು ಮಾತ್ರ ಕನ್ನಡಕ್ಕೂ ಮಲಯಾಳಕ್ಕೂ ತುಳುವಿಗೂ ನೂಲೇ.

ಹತ್ತು ಗಂಟೆಗೆ ಕರೆಂಟು ಹೋಯಿತು. ಎರಡು ಕಡ್ಡಿಯ ನಿಟ್ಟಿಂಗ್ ಆಗಿದ್ದರೆ ಕತ್ತಲಲ್ಲಿ ಕಷ್ಟ. ಅಲ್ಲಿ ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೇ ಇರುತ್ತವೆ, ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಂಡು ಹೋಗುತ್ತದೆ. ಕ್ರೋಶಾದಲ್ಲಿ ಒಂದು ಹೆಣಿಗೆ ಮುಗಿದಾಗ ಕಡ್ಡಿಯಲ್ಲಿ ಉಳಿಯುವುದು ಒಂದೇ ಕುಣಿಕೆ. ಚೇಚಿ ಆ ಒಂದನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು ಸುಮ್ನೆ ಕೂತರು. ನಾನು ಕ್ಯಾಂಡಲ್ ಹುಡುಕಿದೆ. ಹಂಚಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಕೂಗಿ ಹೇಳಬೇಕಿತ್ತು.

ನಡುರಾತ್ರಿ ನೋಡಿದರೆ ಚೌಕ ಆಗಬೇಕಾದದ್ದು ತ್ರಿಕೋನ ಆಗಿತ್ತು. ಎಣಿಸಿದೆವು. ಮೊದಲ ಸಾಲಲ್ಲಿ 20, ಎರಡನೆಯದರಲ್ಲಿ 19, ಆರನೆಯದರಲ್ಲಿ 15. ಸಾಲಿನ ಕೊನೆಯ ಕುಣಿಕೆ ಅಂಚಿನಲ್ಲಿ ಅಡಗಿಕೊಳ್ಳುತ್ತದೆ, ಹೊಸಬರಿಗೆ ಕಾಣುವುದೇ ಇಲ್ಲ. ಇದನ್ನು ಹೇಳಲು ನಾನು ಮರೆತಿದ್ದೆ. ಚೇಚಿ ಬಿಚ್ಚಲು ಬಿಡಲಿಲ್ಲ. "ಇದು ಇರಲಿ. ನೀನು ಹೇಳದೇ ಇದ್ದದ್ದು ಇದರಲ್ಲಿ ಕಾಣುತ್ತದೆ" ಅಂದರು. ಹೊಸ ಉಂಡೆ ತೆಗೆದರು. ನಾನು ಹೇಳಿದೆ, ಅವರು ತಪ್ಪಿದರು, ನಾನು ಬೇರೆ ಮಾತಿನಲ್ಲಿ ಹೇಳಿದೆ. ಬೆಳಗ್ಗೆ ಹಾಲಿಲ್ಲದ ಕಟ್ಟನ್ ಚಾ ಕುಡಿಯುವ ಹೊತ್ತಿಗೆ ಚೇಚಿಯ ಕೈಯಲ್ಲಿ ಒಂದು ಚೌಕ ಇತ್ತು. ನಾಲ್ಕು ಮೂಲೆಯೂ ಸರಿಯಾಗಿತ್ತು. ಅವರು ನಿದ್ದೆಗೆಟ್ಟ ಕಣ್ಣಲ್ಲೇ ಬಸ್ಸು ಹಿಡಿದು ಅಂಗಡಿ ತೆರೆಯಲು ಹೋದರು. ಮೂರು ಸೀರೆಗೂ ಕೈಹೊಲಿಗೆಯ ಕುಚ್ಚನ್ನು ಅವರೇ ಕಟ್ಟಿ ಕೊಟ್ಟರಂತೆ.

ಆ 9 ದಿನವೂ ಸಂಜೆ ಅಂಗಡಿ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ಶಿಬಿರದ ಮೂರು ದಿನ ಅಂಗಡಿಗೆ ಬೀಗ ಹಾಕಿ ನನ್ನ ಪಕ್ಕ ಕೂತರು. ನಾನು ಹೇಳುತ್ತಿದ್ದೆ, ಅವರ ಕೈ ತೋರಿಸುತ್ತಿತ್ತು. ಬಂದಿದ್ದ 7 ಜನರಲ್ಲಿ ಒಬ್ಬರೂ ದುಡ್ಡು ವಾಪಸ್ ಕೇಳಲಿಲ್ಲ. ಅವರಲ್ಲಿ ಇಬ್ಬರು ಈಗ ಸ್ವಂತ ಕ್ಲಾಸು ನಡೆಸುತ್ತಿದ್ದಾರೆ. ನಿಮಗೂ ನಮಸ್ಕಾರ.

ನನ್ನ ಕೈ ಈಗ ಬಹುಪಾಲು ಸರಿಯಾಗಿದೆ. ಆದರೂ ಪ್ರತಿ ಶಿಬಿರದ ಮೊದಲ ಗಂಟೆ ಕಡ್ಡಿ ಮುಟ್ಟುವುದಿಲ್ಲ, ಬರೀ ಬಾಯಲ್ಲೇ ಹೇಳುತ್ತೇನೆ. ಸಾಲು ಮುಗಿದಾಗಲೆಲ್ಲ ಎಣಿಸಿ ಅನ್ನುತ್ತೇನೆ. ಚಾವಡಿಯ ಕಂಬದಲ್ಲಿ ತೂಗುವ ಹಳದಿ ತ್ರಿಕೋನ ಏನು ಅಂತ ಕೇಳಿದ್ದಿರಲ್ಲ, ಅದು ಅವತ್ತಿನದು.

ದುಡ್ಡು ಕೊಡಲು ಹೋದರೆ ಚೇಚಿ ಇವತ್ತಿಗೂ ಬೈಯುತ್ತಾರೆ. ಅವರಿಗೆ ಕನ್ನಡ ಮಾತು ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ನಾಳೆ ಬೆಳಗ್ಗೆ ಅಂಗಡಿಗೇ ಹೋಗಿ ಇದನ್ನು ಓದಿ ಹೇಳುತ್ತೇನೆ. ಅವರು ಮೆಷಿನ್ ನಿಲ್ಲಿಸಲಿಕ್ಕಿಲ್ಲ. ಗಟ್ಟಿಯಾಗಿ ಓದಬೇಕು.